ಆಟಿಕೆ ಡೀಸೆಲ್ ಎಂಜಿನ್‌ಗೆ ಲಕ್ಷದ ಆಸೆ ಹಚ್ಚಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಈಚೆಗೆ ಹಳೇ ಆಟಿಕೆಗಳ ಬಗ್ಗೆ ಬರಹ ಬಂದಿತ್ತು. ಅಟ್ಟದ ಮೇಲೆ ಬಿದ್ದಿರುವ ಆಟಿಕೆ ರೈಲಿನ ಎಂಜಿನ್‌ಗೆ ಲಕ್ಷಗಟ್ಟಲೆ ಬೆಲೆ ಬರುತ್ತದೆ, ಹುಡುಕಿ ನೋಡಿ ಅಂತ ಅದರಲ್ಲಿತ್ತು. ಫೋಟೊ ಚೆನ್ನಾಗಿತ್ತು. ಆದರೆ ಆ ಒಂದು ಸಾಲಿನಿಂದ ನಮ್ಮ ಬೆಳಗಾವಿಯ ಗುಜರಿ ಅಂಗಡಿಗಳಲ್ಲಿ ಏನೇನು ನಡೆದಿದೆ ಅಂತ ನಿಮಗೆ ತಿಳಿಸಬೇಕು. ಪತ್ರ ಉದ್ದ ಆಗುತ್ತದೆ. ಕತ್ತರಿ ಹಾಕುವುದಾದರೆ ನನ್ನ ಪುರಾಣಕ್ಕೆ ಹಾಕಿ, ಬ್ಯಾಟರಿ ಮತ್ತು ಕರೆಂಟಿನ ವಿಷಯ ಮಾತ್ರ ಬಿಡಬೇಡಿ.

ಶಹಾಪುರದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ವಡಗಾವಿ, ಖಾಸಬಾಗದ ಮಗ್ಗದ ಮೋಟಾರು, ಹಳ್ಳಿ ಕಡೆಯ ಪಂಪ್‌ಸೆಟ್ಟು, ಮನೆಯ ಮಿಕ್ಸರು, ಇವೇ ಹೊಟ್ಟೆಪಾಡು. ಸಂಜೆ ಶಟರ್ ಅರ್ಧ ಇಳಿಸಿದ ಮೇಲೆ ಬೆಂಚಿಗೆ ಬರುವುದು ಆಟಿಕೆ ಡೀಸೆಲ್ ಎಂಜಿನ್‌ಗಳು, ಅಂದರೆ ಡೀಸೆಲ್ ರೈಲು ಎಂಜಿನ್ನಿನ ಆಕಾರದ, ಕರೆಂಟಿನಿಂದ ಓಡುವ ಆಟಿಕೆಗಳು. ಕೆಲವು ನನ್ನವು, ಜಾಸ್ತಿ ಮಂದಿಯವು. ಕ್ಯಾಂಪ್ ಕಡೆಯ ಹಳೇ ಬಂಗಲೆಯಿಂದ ಬಂದವು, ಮುಂಬೈ ಚೋರ್ ಬಜಾರಿನಿಂದ ಬಂದವು, ಅಮೆರಿಕದ ಅಳಿಯ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದವು.

ಉಗಿ ಎಂಜಿನ್ ಯಾಕಿಲ್ಲ ಅಂತ ಕೇಳುವವರಿದ್ದಾರೆ. ನೋಡೋಕೆ ಅದೇ ಚಂದ, ಒಪ್ಪುತ್ತೇನೆ. ಆದರೆ ಅದರ ಪಕ್ಕದಲ್ಲಿರುವ ಸಣ್ಣ ಸಣ್ಣ ರಾಡುಗಳಲ್ಲಿ ಒಂದು ಬಾಗಿದರೂ ಚಕ್ರ ತಿರುಗೋದಿಲ್ಲ. ಡೀಸೆಲ್‌ಗೆ ಆ ರಗಳೆ ಬಹುತೇಕ ಇಲ್ಲ. ಮೇಲೊಂದು ಡಬ್ಬಿ, ಒಳಗೆ ಮೋಟಾರು, ಕೆಳಗೆ ಹಲ್ಲುಚಕ್ರ. ಜೊತೆಗೆ ನಮ್ಮ ಕಾಲದವರು ಬೆಳೆದದ್ದೇ ಡೀಸೆಲ್ ನೋಡುತ್ತ. ಮೀಟರ್ ಗೇಜ್ ದಿನಗಳಲ್ಲಿ ತಿಲಕವಾಡಿ ರೈಲ್ವೆ ಗೇಟಿನಲ್ಲಿ ಸೈಕಲ್ ಹಿಡಿದು ನಿಂತರೆ ವೈಡಿಎಂ-4 ಡೀಸೆಲ್ ಎಂಜಿನ್ ಕಪ್ಪು ಹೊಗೆ ಬಿಟ್ಟು ಹೋಗುತ್ತಿತ್ತು. ಅದು ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ. ಅದೇ ಆಲ್ಕೋದ ಬೇರೊಂದು ಎಂಜಿನ್ನನ್ನು ಅಲ್ಲಿಯದೇ ಆಟಿಕೆ ರೈಲಿನ ಲಯನೆಲ್ ಕಂಪನಿ 1950ರಲ್ಲೇ ಆಟಿಕೆ ಮಾಡಿ ಮಾರಿತ್ತು. ಈಗ ಹುಬ್ಬಳ್ಳಿ ಶೆಡ್ಡಿನಲ್ಲಿರುವ ದೊಡ್ಡ ಡೀಸೆಲ್‌ಗಳು ಅಮೆರಿಕದ ಇನ್ನೊಂದು ಎಂಜಿನ್ ಕಂಪನಿ ಇಎಂಡಿ ವಿನ್ಯಾಸದವು. ಲಯನೆಲ್‌ನ ಅತಿ ಹೆಸರಾದ ಆಟಿಕೆ ಎಫ್-3 ಕೂಡ ಇಎಂಡಿ ಎಂಜಿನ್ನಿನ ನಕಲೇ. ಹಾಗಾಗಿ ಪರದೇಶದ ಸಾಮಾನು ಅಂತ ನನಗೆ ಅನ್ನಿಸುವುದೇ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಬರಹ ಬಂದ ವಾರವೇ ಪರಿಚಯದ ಗುಜರಿ ಹುಡುಗ ಒಂದು ಚೀಲ ಹಿಡಿದು ಬಂದ. ಪೇಪರಿನ ತುಂಡನ್ನೂ ಕತ್ತರಿಸಿ ಇಟ್ಟುಕೊಂಡಿದ್ದ.

"ಮಾಮಾ, ಇದಕ್ಕ ಲಕ್ಷ ಬರ್ತೈತಂತ. ನಿಮಗಂತ ಎಂಬತ್ತಕ್ಕ ಕೊಡ್ತೀನಿ."

"ಎಂಬತ್ತು ರೂಪಾಯಿನೋ?"

"ಸಾವಿರ ರೀ."

ಚೀಲದಿಂದ ತೆಗೆದ. ಕೆಂಪು ಮೂತಿ, ಬೆಳ್ಳಿ ಬಣ್ಣದ ಮೈ, ಸಾಂಟಾ ಫೆ ಅಂತ ಅಮೆರಿಕದ ರೈಲ್ವೆ ಕಂಪನಿಯ ಹೆಸರು. ಲಯನೆಲ್ ಎಫ್-3. ಕೈಗೆ ತೆಗೆದುಕೊಂಡ ಕೂಡಲೇ ಹಗುರ ಅನ್ನಿಸಿತು. ಅಂಗಾತ ಮಾಡಿ ನೋಡಿದೆ. ಚಕ್ರ ಇವೆ, ಹಲ್ಲು ಇಲ್ಲ. ಲಯನೆಲ್‌ಗೆ ಮೂರು ಹಳಿ, ಅದರಲ್ಲಿ ನಡುವಿನ ಹಳಿಯಿಂದ ಕರೆಂಟ್ ತೆಗೆದುಕೊಳ್ಳುವ ರೋಲರ್ ಇಲ್ಲ. ಒಳಗೆ ಮೋಟಾರೇ ಇಲ್ಲ. ಲಯನೆಲ್‌ನವರು ಎಫ್-3ಯನ್ನು ಜೋಡಿಯಾಗಿ ಮಾರುತ್ತಿದ್ದರು. ಒಂದರಲ್ಲಿ ಎರಡು ಮೋಟಾರು, ಇನ್ನೊಂದು ಬರೀ ಡಮ್ಮಿ. ಮೇಲಿನಿಂದ ನೋಡಿದರೆ ಎರಡೂ ಒಂದೇ. ಹುಡುಗನಿಗೆ ತೋರಿಸಿದೆ. ನಂಬಲಿಲ್ಲ. "ಪೇಪರ್‌ನ್ಯಾಗ ಸುಳ್ಳು ಬರೀತಾರೇನ್ರಿ?" ಅಂತ ಕೇಳಿ ಚೀಲ ಕಟ್ಟಿಕೊಂಡು ಹೋದ. ಆಮೇಲೆ ಯಾರೋ ಅದಕ್ಕೆ ಅಂಗಡಿಯ ಎನಾಮಲ್ ಬಣ್ಣ ಬಳಿದು ಹೊಸದು ಮಾಡಿದ್ದಾರೆ ಅಂತ ಕೇಳಿದೆ. ಡಮ್ಮಿಗೂ ಕೊಳ್ಳುವವರು ಇರುತ್ತಾರೆ, ಮೋಟಾರಿನ ಜೊತೆಗಾರ ಇದ್ದವರಿಗೆ ಅದು ಬೇಕೇ ಬೇಕು. ಬಣ್ಣ ಬಳಿದ ಮೇಲೆ ಅವರೂ ಮೂಗು ಮುರಿಯುತ್ತಾರೆ.

ಸಾಂಟಾ ಫೆ ಎಫ್-3 ಅಪರೂಪದ್ದೂ ಅಲ್ಲ. 1948ರಲ್ಲಿ ಶುರುವಾಗಿ ನಂಬರ್ ಬದಲಾಯಿಸುತ್ತ 1966ರವರೆಗೂ ಬಂತು. ಅಮೆರಿಕದ ಅದೆಷ್ಟೋ ಮನೆಯ ಹುಡುಗರ ಹತ್ತಿರ ಇತ್ತು. ಎಲ್ಲರ ಹತ್ತಿರ ಇದ್ದದ್ದಕ್ಕೆ ಲಕ್ಷ ಎಲ್ಲಿಂದ ಬರಬೇಕು? ಜಾಸ್ತಿ ಬೆಲೆ ಸಿಗುವುದು ಕಡಿಮೆ ಮಾರಾಟವಾದ ಬಣ್ಣಗಳಿಗೆ, ಅದೂ ಕಂಪನಿಯ ರಟ್ಟಿನ ಡಬ್ಬಿ ಸಮೇತ, ಹಳಿ ಮೇಲೆ ಇಡದೇ ಉಳಿದವಕ್ಕೆ. ಹಳೇ ಡಬ್ಬಿಯ ನಕಲು ಅಚ್ಚು ಹಾಕಿ ಮಾರುವವರೂ ಇದ್ದಾರೆ. ಅಂಥ ಎಂಜಿನ್ ಕೊಂಡವನು ಅದನ್ನು ಓಡಿಸುವುದಿಲ್ಲ, ಕಪಾಟಿನಲ್ಲಿ ಇಡುತ್ತಾನೆ. ಇಡಲಿ ಬಿಡಿ, ಅವನ ದುಡ್ಡು. ಆದರೆ ನಮ್ಮ ಬೆಳಗಾವಿಯ ಮಳೆಗಾಲದಲ್ಲಿ ನಾಲ್ಕು ತಿಂಗಳು ಕಪಾಟಿನೊಳಗೆ ಅಲುಗಾಡದೆ ಕೂತ ಎಂಜಿನ್ ಏನಾಗುತ್ತದೆ ಅಂತ ನಾನು ಪ್ರತಿ ದಸರಾಕ್ಕೆ ನೋಡುತ್ತೇನೆ. ಚಕ್ರದ ಅಚ್ಚಿಗೆ ತುಕ್ಕು, ರಟ್ಟಿನ ಡಬ್ಬಿಗೆ ಬೂಷ್ಟು. ಓಡಿಸಲು ಕೊಳ್ಳುವವನಿಗೆ ಗೀರು ಬಿದ್ದ, ಮಕ್ಕಳು ಆಡಿದ ಎಂಜಿನ್ನೇ ಒಳ್ಳೆಯದು. ಆಡಿದ್ದಾರೆ ಅಂದರೆ ಓಡಿದೆ ಅಂತ ತಾನೇ?

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬ್ಯಾಟರಿಯ ಜಾಗ. ಇದು ಬಹಳ ಮಂದಿಗೆ ಗೊತ್ತಿಲ್ಲ. ಹಳಿಯಿಂದ ಕರೆಂಟ್ ಬರುವ ರೈಲಿಗೆ ಬ್ಯಾಟರಿ ಯಾಕೆ? ಹಾರ್ನ್‌ಗೆ. ಲಯನೆಲ್ ಡೀಸೆಲ್‌ಗಳ ಹೊಟ್ಟೆಯಲ್ಲಿ ಟಾರ್ಚಿಗೆ ಹಾಕುವ ದೊಡ್ಡ ಸೆಲ್ ಒಂದು ಕೂರುತ್ತದೆ. ಟ್ರಾನ್ಸ್‌ಫಾರ್ಮರಿನ ಗುಂಡಿ ಒತ್ತಿದರೆ ಎಸಿ (ಮನೆ ಕರೆಂಟಿನ ಹಾಗೆ ದಿಕ್ಕು ಬದಲಿಸುತ್ತಲೇ ಇರುವುದು) ಜೊತೆಗೆ ಸ್ವಲ್ಪ ಡಿಸಿ (ಸೆಲ್ಲಿನ ಹಾಗೆ ಒಂದೇ ದಿಕ್ಕಿನದು) ಹಳಿಗೆ ಹೋಗುತ್ತದೆ, ಅದರಿಂದ ಒಳಗಿನ ರಿಲೇ ಅನ್ನುವ ಸ್ವಿಚ್ ಎಳೆಯುತ್ತದೆ, ಸೆಲ್ಲಿನ ಕರೆಂಟಿಗೆ ಹಾರ್ನ್ ಬಾರಿಸುತ್ತದೆ. ಜಾಣತನದ ಕೆಲಸ. ಆದರೆ ಹುಡುಗ ದೊಡ್ಡವನಾಗಿ ರೈಲು ಅಟ್ಟ ಸೇರಿದಾಗ ಸೆಲ್ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ. ಸೆಲ್ ಸೋರಿ, ಕೆಳಗಿನ ಚಾಸಿಯ ತಗಡು ತಿಂದು ಹಾಕುತ್ತದೆ. ಬಿಳಿ ಹಸಿರು ಪುಡಿ ಕಂಡರೆ ಸ್ಕ್ರೂ ಬಿಚ್ಚಿ ಎಂಜಿನ್ನಿನ ಮೇಲಿನ ಮೈ ಎತ್ತಿಸಿ ನೋಡಿ. ಬಿಚ್ಚಲು ಬಿಡದವನ ಹತ್ತಿರ ಕೊಳ್ಳಬೇಡಿ. ಪುಡಿ ಮೇಲೆ ಮೇಲೆ ಇದ್ದರೆ ಬ್ರಷ್ ಹಾಕಿ ತೊಳೆದು ಒಣಗಿಸಬಹುದು. ತಗಡು ತೂತಾಗಿದ್ದರೆ ಉದ್ಯಮಬಾಗದ ವರ್ಕ್‌ಶಾಪ್‌ಗಳಲ್ಲಿ ಯಾರಾದರೂ ತುಂಡು ಹಾಕಿಕೊಟ್ಟಾರು. ಹಾರ್ನ್ ಮತ್ತು ರಿಲೇ ಮಾತ್ರ ಹೋದ ಹಾಗೇ.

ಎರಡನೆಯದು ಎರಕದ ಭಾಗ. ಹಳೇ ಎಂಜಿನ್‌ಗಳ ಎಷ್ಟೋ ಭಾಗ ಸತುವಿನ ಮಿಶ್ರಲೋಹದ್ದು. ಆ ಕಾಲದಲ್ಲಿ ಸತುವಿಗೆ ಸೀಸ ಸೇರಿ ಅಶುದ್ಧವಾಗಿದ್ದರೆ, ಲೋಹ ವರ್ಷಗಳ ಮೇಲೆ ಒಳಗಿನಿಂದ ಉಬ್ಬಿ ಬಿರಿಯುತ್ತದೆ, ಬೇಸಿಗೆಯ ಎರೆಹೊಲದ ಹಾಗೆ. ಇದಕ್ಕೆ ಮದ್ದಿಲ್ಲ. ಅಂಟು ಹಚ್ಚಿದರೂ ಪಕ್ಕದಲ್ಲಿ ಇನ್ನೊಂದು ಬಿರುಕು ಬರುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಆಟಿಕೆಗಳಲ್ಲಿ ಇದು ಜಾಸ್ತಿ. ನಮ್ಮ ಕೈಗೆ ಬರುವ ಡೀಸೆಲ್‌ಗಳು ಬಹುತೇಕ ಯುದ್ಧದ ನಂತರದವು, ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು. ಆದರೂ ಚಕ್ರ ಮತ್ತು ಮೋಟಾರಿನ ಎರಕದ ಮೇಲೆ ಒಮ್ಮೆ ಉಗುರು ಆಡಿಸಿ ನೋಡಿ.

ಇನ್ನು ಕರೆಂಟು. ಇಲ್ಲಿ ಎಡವಿದವರೇ ನನ್ನ ಗಿರಾಕಿಗಳು. ಆಟಿಕೆ ಡೀಸೆಲ್ ಎಲ್ಲಾ ಒಂದೇ ಜಾತಿ ಅಲ್ಲ. ಇಂಗ್ಲೆಂಡಿನ ಹಾರ್ನ್ಬಿ ಡಬ್ಲೊ, ಟ್ರೈ-ಆಂಗ್ ಎಂಜಿನ್‌ಗಳು 12 ವೋಲ್ಟ್ ಡಿಸಿ. ಹಳಿಯ ಅಗಲ 16.5 ಮಿಲಿಮೀಟರ್. ಒಳಗೆ ಶಾಶ್ವತ ಮ್ಯಾಗ್ನೆಟ್ ಇರುತ್ತದೆ. ಅದಕ್ಕೆ ಎಸಿ ಕೊಟ್ಟರೆ ಚಕ್ರ ತಿರುಗೋದಿಲ್ಲ, ಗುಯ್‌ಗುಟ್ಟಿ ಬಿಸಿಯಾಗಿ ಸುಡುತ್ತದೆ. ಲಯನೆಲ್‌ದು ಎಸಿ, ಮೂರು ಹಳಿ, ಹೊರಗಿನ ಎರಡು ಹಳಿಗಳ ನಡುವೆ ಒಂದೂಕಾಲು ಇಂಚು. ಜರ್ಮನಿಯ ಮೆರ್ಕ್ಲಿನ್ ಕೂಡ ಎಸಿ. ಅದರಲ್ಲಿ ಹಿಂದೆ ಮುಂದೆ ಮಾಡುವುದು ಒಂದು ಕ್ಷಣ ಮಾತ್ರ ಕೊಡುವ 24 ವೋಲ್ಟಿನ ತಟ್ಟಿನಿಂದ. 220 ವೋಲ್ಟಿಗೆ ಮಾಡಿದ ಅವರ ಹಳೇ ಟ್ರಾನ್ಸ್‌ಫಾರ್ಮರನ್ನು ನಮ್ಮ 230ಕ್ಕೆ ಹಾಕಿದರೆ ಆ 24 ಇನ್ನೂ ಏರುತ್ತದೆ. ರಾತ್ರಿ ವೋಲ್ಟೇಜ್ ಜಾಸ್ತಿ ಇದ್ದರೆ ಕೇಳೋದೇ ಬೇಡ.

ಅಮೆರಿಕದ ಟ್ರಾನ್ಸ್‌ಫಾರ್ಮರ್ ನೇರವಾಗಿ ನಮ್ಮ ಪ್ಲಗ್ಗಿಗೆ ಹಾಕಿದವರೊಬ್ಬರು ಅನಗೋಳದಲ್ಲಿದ್ದಾರೆ. ಅದು 115 ವೋಲ್ಟಿನದು. ಮೊಮ್ಮಗನ ಹುಟ್ಟುಹಬ್ಬಕ್ಕೆ ಅಂತ ಎಲ್ಲರನ್ನೂ ಕೂರಿಸಿ ಸ್ವಿಚ್ ಒತ್ತಿದ್ದಾರೆ. ಹೊಗೆ ಬಂತು, ರೈಲು ಬರಲಿಲ್ಲ. ನಡುವೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಲೇಬೇಕು. ಅದೂ ತಾಕತ್ತಿನದು. ಲಯನೆಲ್‌ನ ದೊಡ್ಡ ಝಡ್‌ಡಬ್ಲ್ಯೂ ಟ್ರಾನ್ಸ್‌ಫಾರ್ಮರ್ 275 ವ್ಯಾಟ್ ಎಳೆಯುತ್ತದೆ, ಅಂಗೈಯಷ್ಟು ಕನ್ವರ್ಟರ್ ಸಾಲದು. ಅವರದು 60 ಹರ್ಟ್ಜ್, ನಮ್ಮದು 50. ಹಾಗಾಗಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. ಕೈಯಿಟ್ಟು ನೋಡುತ್ತ ಇರಿ, ನಡುನಡುವೆ ವಿಶ್ರಾಂತಿ ಕೊಡಿ. ಹಳೇ ಟ್ರಾನ್ಸ್‌ಫಾರ್ಮರಿನ ವೈರ್ ಬಗ್ಗಿಸಿದರೆ ರಬ್ಬರ್ ಚೂರು ಉದುರುತ್ತದೆಯೇ? ಹಾಗಿದ್ದರೆ ಪ್ಲಗ್ಗಿನ ಹತ್ತಿರವೂ ಒಯ್ಯಬೇಡಿ. ಮೊದಲು ವೈರ್ ಬದಲಾಯಿಸಿ. ಹಳೇ ಡಿಸಿ ಕಂಟ್ರೋಲರ್‌ಗಳಲ್ಲಿ ಎಸಿಯನ್ನು ಡಿಸಿ ಮಾಡುವ ಸೆಲೆನಿಯಮ್ ತಗಡಿನ ರೆಕ್ಟಿಫೈಯರ್ ಇರುತ್ತದೆ. ಅದು ಸುಟ್ಟರೆ ಬರುವ ಕೆಟ್ಟ ವಾಸನೆ ವಿಷ. ಕಿಟಕಿ ತೆಗೆದು ಮಕ್ಕಳನ್ನು ಹೊರಗೆ ಕಳಿಸಿ. ಅದರ ಜಾಗಕ್ಕೆ ಈಗಿನ ಡಯೋಡ್ ಹಾಕಿದರೆ ಆಯಿತು. ಆದರೆ ಡಯೋಡಿನಿಂದ ವೋಲ್ಟೇಜ್ ಸ್ವಲ್ಪ ಏರುತ್ತದೆ, ಅದನ್ನು ನೋಡಿಕೊಂಡು ಹಾಕುವವರ ಹತ್ತಿರ ಮಾಡಿಸಿ.

ಮನೆಯಲ್ಲಿ ನೀವೇ ಮಾಡಬಹುದಾದ ಕೆಲಸ ಅಂದರೆ ಸ್ವಚ್ಛ ಮಾಡುವುದು. ಇದರ ಬಗ್ಗೆ ನಾಲ್ಕು ಮಾತು ಜಾಸ್ತಿ ಬರೆಯುತ್ತೇನೆ, ನನ್ನ ಬೆಂಚಿಗೆ ಬರುವ ಎಂಜಿನ್‌ಗಳಲ್ಲಿ ಅರ್ಧಕ್ಕರ್ಧ ಕೆಟ್ಟಿರುವುದೇ ಇಲ್ಲ. ಅವಕ್ಕೆ ಹತ್ತಿದ್ದು ಕೊಳೆ ಅಷ್ಟೇ. ಮೊನ್ನೆ ಬಂದ ಟ್ರೈ-ಆಂಗ್ ಶಂಟರ್ (ಯಾರ್ಡಿನಲ್ಲಿ ಬೋಗಿ ಎಳೆಯುವ ಸಣ್ಣ ಎಂಜಿನ್) ನೋಡಿ. ಕಂಟ್ರೋಲರ್ ತಿರುವಿದರೆ ಒಮ್ಮೆ ನಡುಗಿ ಸುಮ್ನೆ ನಿಲ್ಲುತ್ತಿತ್ತು. ಮೋಟಾರು ಸುಟ್ಟಿದೆ, ಹೊಸದು ಹಾಕಬೇಕು ಅಂತ ಯಾರೋ ಹೇಳಿದ್ದರಂತೆ. ಸ್ಪ್ರಿಂಗ್ ಎತ್ತಿ, ಮೋಟಾರಿಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಎರಡನ್ನೂ ತೆಗೆದೆ. ಆ ಬ್ರಷ್ ಉಜ್ಜುವ ಕಮ್ಯುಟೇಟರ್‌ನಲ್ಲಿ ಮೂರು ತಾಮ್ರದ ತುಂಡು, ನಡುವೆ ಮೂರು ಸಂದು. ಸಂದುಗಳ ತುಂಬ ಕಾರ್ಬನ್ ಪುಡಿ ಎಣ್ಣೆಗೆ ಕಲೆತು ಕಪ್ಪು ಮೇಣವಾಗಿ ಕೂತಿತ್ತು. ಅದರ ಮೂಲಕವೇ ಕರೆಂಟ್ ಒಂದರಿಂದ ಇನ್ನೊಂದಕ್ಕೆ ಹಾಯುತ್ತಿತ್ತು. ಹಲ್ಲುಕಡ್ಡಿಯ ತುದಿಯಿಂದ ಗೀಚಿ ತೆಗೆದೆ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದೆ. ತಾಮ್ರ ಹೊಳೆಯಿತು. ಬ್ರಷ್ ಕೂರಿಸಿ ಕರೆಂಟ್ ಕೊಟ್ಟರೆ ಬೆಂಚಿನ ಈ ತುದಿಯಿಂದ ಆ ತುದಿಗೆ ಓಡಿತು. ಮೋಟಾರಿಗೆ ಏನೂ ಆಗಿರಲಿಲ್ಲ. ಸಂದು ಗೀಚಲು ಬ್ಲೇಡ್ ಬೇಡ, ಉಜ್ಜಲು ಎಮರಿ ಪೇಪರಂತೂ ಬೇಡವೇ ಬೇಡ. ಅದರ ಪುಡಿ ತಾಮ್ರದಲ್ಲಿ ಕಚ್ಚಿಕೊಂಡು ಬ್ರಷ್ ತಿನ್ನುತ್ತದೆ.

ಎಣ್ಣೆ ವಿಷಯದಲ್ಲಿ ನಮ್ಮ ಮಂದಿಯ ಕೈ ದೊಡ್ಡದು. ಬೇರಿಂಗಿಗೆ ಸೂಜಿ ತುದಿಯಷ್ಟು ಹೊಲಿಗೆ ಯಂತ್ರದ ಎಣ್ಣೆ ಸಾಕು. ಹಲ್ಲುಚಕ್ರಕ್ಕೆ ಚೂರು ಗ್ರೀಸ್. ಕೊಬ್ಬರಿ ಎಣ್ಣೆ ಹಾಕಿ ತಂದವರಿದ್ದಾರೆ! ಡಿಸೆಂಬರ್ ಬಂದರೆ ನಮ್ಮೂರ ಚಳಿಗೆ ಅದು ಗಟ್ಟಿಯಾಗಿ ಎಂಜಿನ್ ಏಳುವುದಿಲ್ಲ, ಬೇಸಿಗೆಯಲ್ಲಿ ಅಂಟಾಗುತ್ತದೆ. ಹಳೇ ಗ್ರೀಸ್ ಒಣಗಿ ಗಟ್ಟಿಯಾಗಿದ್ದರೆ ಅದರ ಮೇಲೆ ಹೊಸದು ಹಾಕಿ ಪ್ರಯೋಜನವಿಲ್ಲ, ಮೊದಲು ಹಳೆಯದನ್ನು ಕೆರೆದು ತೆಗೆಯಬೇಕು. ಪ್ಲಾಸ್ಟಿಕ್ ಮೈಗೆ ಪೆಟ್ರೋಲ್, ಥಿನ್ನರ್ ತಾಗಿಸಬೇಡಿ. ಬಣ್ಣವೂ ಹೋಗುತ್ತದೆ, ಪ್ಲಾಸ್ಟಿಕ್ಕೂ ಕರಗುತ್ತದೆ.

ನೀವೇ ಮಾಡಬಾರದ ಕೆಲಸವೂ ಒಂದಿದೆ. ಹಳೇ ಡಿಸಿ ಮೋಟಾರಿನಿಂದ ಮ್ಯಾಗ್ನೆಟ್ ಬಿಚ್ಚುವುದು. ಆ ಕಾಲದ ಆಲ್ನಿಕೋ ಮ್ಯಾಗ್ನೆಟ್‌ಗೆ ಎರಡು ತುದಿಯ ನಡುವೆ ಕಬ್ಬಿಣದ ದಾರಿ ಇರಲೇಬೇಕು. ಬಿಚ್ಚಿ ಮೇಜಿನ ಮೇಲೆ ಇಟ್ಟರೆ ಶಕ್ತಿ ಇಳಿದು ಹೋಗುತ್ತದೆ. ಮತ್ತೆ ಜೋಡಿಸಿದರೆ ಎಂಜಿನ್ ಜಾಸ್ತಿ ಕರೆಂಟ್ ತಿಂದು ನಿಧಾನ ಓಡುತ್ತದೆ, ಬಿಸಿಯಾಗುತ್ತದೆ. ಬಿಚ್ಚಲೇಬೇಕಾದರೆ ಮೊದಲು ಮೆದು ಕಬ್ಬಿಣದ ತುಂಡನ್ನು ಎರಡು ತುದಿಗೂ ತಾಗುವಂತೆ ಕೊಟ್ಟು ಆಮೇಲೆ ಜಾರಿಸಬೇಕು. ಶಕ್ತಿ ಹೋದದ್ದನ್ನು ಮತ್ತೆ ತುಂಬಬಹುದು. ದಪ್ಪ ತಂತಿಯ ಸುರುಳಿಯೊಳಗೆ ಇಟ್ಟು ಒಂದು ಕ್ಷಣ ಜೋರು ಡಿಸಿ ಬಿಟ್ಟರೆ ಆಯಿತು. ಅಂಥ ಸುರುಳಿ ನನ್ನ ಹತ್ತಿರ ಇದೆ, ಮಗ್ಗದ ಮೋಟಾರಿನ ಉಳಿಕೆ ತಂತಿಯಲ್ಲಿ ಸುತ್ತಿದ್ದು.

ಲಯನೆಲ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಎಂಜಿನ್ ನಿಂತಲ್ಲೇ ಜೇನ್ನೊಣದ ಹಾಗೆ ಸದ್ದು ಮಾಡಿದರೆ ಹೆದರಬೇಡಿ. ಒಳಗೆ ಇ-ಯೂನಿಟ್ ಅಂತ ಒಂದು ಕಾಯಿಲ್ ಇದೆ. ಕರೆಂಟ್ ತೆಗೆದು ಕೊಟ್ಟಾಗಲೆಲ್ಲ ಅದು ಒಂದು ಸಣ್ಣ ಡ್ರಮ್ ತಿರುಗಿಸುತ್ತದೆ. ಮುಂದೆ, ನ್ಯೂಟ್ರಲ್, ಹಿಂದೆ, ಮತ್ತೆ ನ್ಯೂಟ್ರಲ್. ನ್ಯೂಟ್ರಲ್‌ನಲ್ಲಿ ನಿಂತ ಎಂಜಿನ್ನನ್ನು ಕೆಟ್ಟಿದೆ ಅಂತ ಅಗ್ಗಕ್ಕೆ ಮಾರಿದವರನ್ನೂ ನೋಡಿದ್ದೇನೆ. ಕೊಂಡವನ ಪಾಲಿಗೆ ಅದು ಲಾಭ. ಹಾಗೆಯೇ 1950ರಿಂದ ಲಯನೆಲ್ ತನ್ನ ಎಂಜಿನ್‌ಗಳಿಗೆ ಮ್ಯಾಗ್ನೆಟ್ ಕೂರಿಸಿ ಉಕ್ಕಿನ ಹಳಿಯನ್ನು ಕಚ್ಚಿಕೊಂಡು ಓಡುವಂತೆ ಮಾಡಿತು. ಹಿತ್ತಾಳೆ ಅಥವಾ ಅಲ್ಯುಮಿನಿಯಮ್ ಹಳಿ ಮೇಲೆ ಆ ಹಿಡಿತ ಸಿಗುವುದಿಲ್ಲ. ಉಕ್ಕಿನ ಹಳೇ ಹಳಿ ತುಕ್ಕು ಹಿಡಿದಿದೆ ಅಂತ ಎಸೆಯಬೇಡಿ, ಉಜ್ಜಿ ಒರೆಸಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಹೊರಗಿನಿಂದ ಇನ್ನು ಹೊಸದಾಗಿ ಬರುವುದು ಕಷ್ಟ. ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ ಏರಿಸಿದರು, 2023ರಲ್ಲಿ ಶೇ 70 ಮಾಡಿದರು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕಳಪೆ ಆಟಿಕೆ ತಡೆಯಬೇಕು ಅನ್ನುವುದು ಸರಿಯೇ. ಮಕ್ಕಳ ಬಾಯಿಗೆ ಹೋಗುವ ಸಾಮಾನು ಅದು. ಆದರೆ ಹಾರ್ನ್ಬಿ ಡಬ್ಲೊದ ಮೊದಲ ಡೀಸೆಲ್ ಬಂದದ್ದು 1958ರಲ್ಲಿ, ಲಿವರ್‌ಪೂಲ್‌ನಲ್ಲಿ. ಅದರ ಮೇಲೆ ಐಎಸ್‌ಐ ಗುರುತು ಎಲ್ಲಿಂದ ತರೋದು? ಗೆಳೆಯರೊಬ್ಬರಿಗೆ ಬಂದ ಪಾರ್ಸೆಲ್ಲನ್ನು ಇದೇ ಕಾರಣಕ್ಕೆ ತಡೆದರು. ಪುರಾತನ ವಸ್ತು ಅಂತ ಬಿಡಿಸೋಣ ಅಂದರೆ ಅದಕ್ಕೆ ನೂರು ವರ್ಷ ದಾಟಿರಬೇಕು. ಆಟಿಕೆ ಅನ್ನಲು ಮುದುಕ, ಪುರಾತನ ಅನ್ನಲು ಹುಡುಗ, ಹೀಗಾಗಿದೆ ಇವುಗಳ ಪಾಡು. ಹವ್ಯಾಸಿಗಳು ತರಿಸುವ ಒಂದೆರಡು ಹಳೇ ಎಂಜಿನ್‌ಗಳಿಗೆ ಬೇರೆ ದಾರಿ ಮಾಡಿಕೊಡಿ ಅಂತ ನಮ್ಮ ಸಂಸದರು ಒಂದು ಮಾತು ದೆಹಲಿಯಲ್ಲಿ ಹೇಳಿದರೆ ಉಪಕಾರವಾಗುತ್ತದೆ.

ಅಲ್ಲಿಯವರೆಗೆ ನಮಗೆ ಉಳಿದಿರುವುದು ಈಗಾಗಲೇ ನಮ್ಮ ಅಟ್ಟ, ಟ್ರಂಕು, ಗುಜರಿಯಲ್ಲಿ ಇರುವವು. ಲಕ್ಷದ ಆಸೆ ಹತ್ತಿದರೆ ಅವು ಮತ್ತೆ ಟ್ರಂಕು ಸೇರುತ್ತವೆ, ಇಲ್ಲವೇ ಎನಾಮಲ್ ಬಳಿಸಿಕೊಳ್ಳುತ್ತವೆ. ಅದಕ್ಕೇ ನಿಮ್ಮಲ್ಲಿ ಕೇಳುವುದು, ಮುಂದಿನ ಸಲ ಬರೆಯುವಾಗ ಮಾರಾಟದ ಬೆಲೆಯ ಜೊತೆ ಅದು ಯಾವ ನಂಬರಿನ ಎಂಜಿನ್, ಡಬ್ಬಿ ಇತ್ತೇ, ಓಡುತ್ತಿತ್ತೇ ಅನ್ನುವುದನ್ನೂ ಬರೆಯಿರಿ. ಅಷ್ಟು ಬರೆದರೆ ಗುಜರಿ ಹುಡುಗನಿಗೂ ತಿಳಿಯುತ್ತದೆ.

ಮನೆಯಲ್ಲಿ ಹಳೇ ಎಂಜಿನ್ ಸಿಕ್ಕವರು ಮೊದಲು ಸೆಲ್ ತೆಗೆಯಿರಿ. ಬಣ್ಣ ಹಚ್ಚಬೇಡಿ. ಎಸಿಯೋ ಡಿಸಿಯೋ ಗೊತ್ತಾಗುವವರೆಗೆ ಕರೆಂಟ್ ಕೊಡಬೇಡಿ. ನಿಮ್ಮ ಓಣಿಯ ವೈಂಡಿಂಗ್ ಅಂಗಡಿಯವನ ಹತ್ತಿರ ಒಯ್ಯಿರಿ, ಫ್ಯಾನ್ ಮೋಟಾರ್ ಸುತ್ತುವವನಿಗೆ ಇದು ದೊಡ್ಡ ವಿದ್ಯೆ ಅಲ್ಲ. ಒಯ್ಯುವಾಗ ಟ್ರಾನ್ಸ್‌ಫಾರ್ಮರ್ ಮತ್ತು ಒಂದು ತುಂಡು ಹಳಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಹಳಿ ಇಲ್ಲದೆ ಪರೀಕ್ಷೆ ಮಾಡೋದು ನಮಗೂ ಕಷ್ಟ.

ಇಂತಿ,
ಒಬ್ಬ ಮೋಟಾರ್ ವೈಂಡಿಂಗ್ ಅಂಗಡಿಯವ
ಶಹಾಪುರ, ಬೆಳಗಾವಿ